ಅಪ್ರಿಹೆನ್ಶನ್ ಮತ್ತು ಒಂದು ಮೊಳೆ

ಇವತ್ತು ಬೆಳಿಗ್ಗೆ ನಡುಮನೆಯ ಗೋಡೆಗೆ ಅಂಟಿಸಿದ್ದ ಕೊಕ್ಕೆ ಕೈಬಿಟ್ಟಿತು. ಐದು ಕಿಲೋ ಭಾರ ತಡೆಯುತ್ತೇನೆಂದು ಪೊಟ್ಟಣದ ಮೇಲೆ ಪ್ರಮಾಣ ಮಾಡಿದ್ದ ಕೊಕ್ಕೆ ಅದು. ಹೊತ್ತಿದ್ದದ್ದು ಒಂದು ಕಿಲೋ ಕೂಡ ತೂಗದ ಒಂದು ಫೋಟೋ. ಪೆಂಡುರ್ತಿಯ ನಮ್ಮ ಫ್ಲ್ಯಾಟಿನಿಂದ ಸಮುದ್ರ ಕಾಣುವುದಿಲ್ಲ, ಆದರೆ ಸಮುದ್ರದ ಬೆವರು ತಪ್ಪದೆ ಬಂದು ತಲುಪುತ್ತದೆ. ವಿಶಾಖಪಟ್ಟಣದಲ್ಲಿ ಅಂಟು ಅನ್ನುವುದು ಚುನಾವಣೆಗೆ ಮುಂಚಿನ ಮೈತ್ರಿಯ ಹಾಗೆ. ಹವೆ ಬದಲಾಗುವ ತನಕ ಗಟ್ಟಿ.

ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದ ಅಪ್ಪ ತಲೆ ಎತ್ತದೆಯೇ ತೀರ್ಪು ಕೊಟ್ಟರು: "ಅದಕ್ಕ ಹೇಳೋದು, ಗ್ವಾಡಿಗೆ ಏನೂ ಹಾಕಬ್ಯಾಡ್ರಿ ಅಂತ. ನಾಳೆ ಆರ್ಡರ್ ಬಂದ್ರ?"

ಅಪ್ಪ ಬ್ಯಾಂಕಿನಿಂದ ನಿವೃತ್ತರಾಗಿ ವರ್ಷದ ಮೇಲಾಯಿತು. ಈ ಫ್ಲ್ಯಾಟು ನಮ್ಮದೇ. ಇನ್ನು ಆರ್ಡರು ಬರುವುದಿದ್ದರೆ ಯಮಲೋಕದ ಕಚೇರಿಯಿಂದಲೇ ಬರಬೇಕು, ಅಲ್ಲಿಗೂ ಗೋಡೆಯ ಫೋಟೋ ಕಟ್ಟಿಕೊಂಡು ಹೋಗುವ ಪದ್ಧತಿಯಿಲ್ಲ. ಇದನ್ನೇ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೆಲದ ಮೇಲಿನ ಫೋಟೋ ಕಣ್ಣಿಗೆ ಬಿತ್ತು. ಗಾಜು ಅಡ್ಡಡ್ಡ ಸೀಳಿತ್ತು, ಹಿಂದಿನ ರಟ್ಟು ಕಿತ್ತು ಬಂದಿತ್ತು. ಫೋಟೋಕ್ಕೂ ರಟ್ಟಿಗೂ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ಚೌಕಟ್ಟಿನೊಳಗೆ ಫೋಟೋ ಅಲುಗಾಡದಿರಲೆಂದು ಯಾರೋ ತುಂಬಿದ್ದ ರದ್ದಿ. ಬಿಡಿಸಿ ನೋಡಿದರೆ ಅಕ್ಷರ ನನ್ನದು, ಹದಿನಾರನೇ ವರ್ಷದ್ದು, ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ನವಿಲಿನ ಬಾಲ.

ಈ ಕಾಗದ ಹನ್ನೊಂದು ವರ್ಷದ ಹಿಂದೆ ಅಪ್ಪನ ಬ್ಯಾಂಕಿನ ಹೈದರಾಬಾದ್ ಕಚೇರಿಯ ಯಾವುದೋ ಫೈಲಿನಲ್ಲಿ ಸೇರಿಹೋಯಿತೆಂದು ನಾನು ನಂಬಿದ್ದೆ. ಬರೀ ನಂಬಿದ್ದಲ್ಲ, ಅದರ ಪಾಪವನ್ನೂ, ಸುಳ್ಳೇಕೆ, ಅದರ ಹೆಮ್ಮೆಯನ್ನೂ ಹೊತ್ತು ತಿರುಗಿದ್ದೆ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬರಬೇಕಾಗುತ್ತದೆ, ಜೊತೆಗಿರಿ.

ನಮ್ಮದು ಬಾಗಲಕೋಟೆ ಕಡೆ. ನನಗೆ ಆರು ವರ್ಷವಿದ್ದಾಗ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಯಿತು. ಎರಡು ವರ್ಷ, ಹೆಚ್ಚೆಂದರೆ ಮೂರು, ಅಂದಿದ್ದರು. ಶಾಖೆಗಳು ಬದಲಾದವು, ಮೂರು ಬಾಡಿಗೆ ಮನೆಗಳಾದವು, ಊರು ಬದಲಾಗಲಿಲ್ಲ. ಹತ್ತು ವರ್ಷ ನಾವು ವಿಜಯವಾಡದಲ್ಲಿ ಮುಂದಿನ ತಿಂಗಳು ಹೊರಡುವವರ ಹಾಗೆ ಬದುಕಿದೆವು. ಮಂಚದ ಕೆಳಗೆ ರಟ್ಟಿನ ಡಬ್ಬಗಳು ಚಪ್ಪಟೆಯಾಗಿ ಮಲಗಿದ್ದವು. ಟೀವಿ ತನ್ನ ಡಬ್ಬದ ಮೇಲೆಯೇ ಕೂತಿತ್ತು. ಗೋಡೆಗೆ ಮೊಳೆ ಹೊಡೆಯುವುದಂತೂ ಮಹಾಪರಾಧ. ಕ್ಯಾಲೆಂಡರ್ ಕಿಟಕಿಯ ಸರಳಿಗೆ, ಗಡಿಯಾರ ಫ್ರಿಜ್ಜಿನ ಮೇಲೆ ಒರಗಿಕೊಂಡು. ನಮ್ಮ ಮನೆಯಲ್ಲಿ ಗಂಟೆ ಎಷ್ಟಾಯಿತೆಂದು ತಿಳಿಯಲು ಕತ್ತು ವಾಲಿಸಬೇಕಿತ್ತು. ಇವತ್ತಿಗೂ ಯಾರಾದರೂ ಟೈಮ್ ಕೇಳಿದರೆ ನನ್ನ ತಲೆ ತಾನಾಗಿ ಎಡಕ್ಕೆ ಬಾಗುತ್ತದೆ.

ಆ ಫೋಟೋ ಆಗ ಅಕ್ಕಿ ಡ್ರಮ್ಮಿನ ಮೇಲೆ ಗೋಡೆಗೆ ಆನಿಕೊಂಡಿತ್ತು. ಬಾಗಲಕೋಟೆಯ ಒಂದು ಕನ್ನಡ ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿ. ಎಣ್ಣೆ ಹಚ್ಚಿ ಬೈತಲೆ ತೆಗೆದ ಮೂವತ್ತೆಂಟು ಮಕ್ಕಳು, ನಡುವೆ ಕಟ್ಟಿಗೆ ಖುರ್ಚಿಯಲ್ಲಿ ಹಸಿರು ಸೀರೆಯ ಟೀಚರ್. ಆ ಟೀಚರ್ ನಮ್ಮವ್ವ. ಅಪ್ಪನ ವರ್ಗ ಬಂದಾಗ ಅವಳು ಕೆಲಸ ಬಿಡಲಿಲ್ಲ, ರಜೆ ಹಾಕಿದಳು. ಎಂಥ ರಜೆ ಅಂತ ಕೇಳಬೇಡಿ, ಅದಕ್ಕೆ ಯಾವ ನಿಯಮದಲ್ಲೂ ಹೆಸರಿರಲಿಲ್ಲ. ಪ್ರತಿ ಬೇಸಿಗೆಯಲ್ಲಿ ಊರಿಗೆ ಹೋದಾಗ ಹೆಡ್‌ಮಿಸ್ಟ್ರೆಸ್ ಬಾಯಿಯವರ ಮನೆಗೆ ನಾವೆಲ್ಲ ಹೋಗುತ್ತಿದ್ದೆವು. ಅವರು ಪ್ರತಿ ಬೇಸಿಗೆಯಲ್ಲಿ ಅದೇ ಮಾತು ಹೇಳುತ್ತಿದ್ದರು: "ನಿಮ್ಮ ನಾಕನೇ ಕ್ಲಾಸು ಯಾರಿಗೂ ಕಾಯಂ ಕೊಟ್ಟಿಲ್ಲ. ನಾ ಇರೂತನಾ ಆ ಖುರ್ಚಿ ನಿಮ್ದ. ಲಗೂನ ಬರ್ರಿ." ಅವ್ವ ಆ ಮಾತನ್ನು ಮಡಿಚಿ ತಂದು ಮುಂದಿನ ಬೇಸಿಗೆಯ ತನಕ ಬಳಸುತ್ತಿದ್ದಳು.

ವಿಜಯವಾಡದಲ್ಲಿ ಕರ್ನಾಟಕದ ಬ್ಯಾಂಕಿನವರು ಹತ್ತು ಹನ್ನೆರಡು ಮನೆಗಳಿದ್ದವು. ಭಾನುವಾರ ಒಬ್ಬರ ಮನೆಯಲ್ಲಿ ಎಲ್ಲರೂ ಸೇರುತ್ತಿದ್ದರು. ಕನ್ನಡದ ಕೂಟವೆಂದು ಹೆಸರು. ಅಲ್ಲಿ ನಡೆಯುತ್ತಿದ್ದದ್ದು ವರ್ಗಾವಣೆ ಎಂಬ ಏಕೈಕ ವಿಷಯದ ಪಾರಾಯಣ. ಯಾರದು ಬಂತು, ಯಾರದು ತಪ್ಪಿತು, ಯಾರ ಷಡ್ಡಕ ಹೆಡ್ಡಾಫೀಸಿನಲ್ಲಿದ್ದಾನೆ. ಏಪ್ರಿಲ್ ಬಂತೆಂದರೆ ಎಲ್ಲರಿಗೂ ಭಕ್ತಿ ಉಕ್ಕಿ ಇಂದ್ರಕೀಲಾದ್ರಿ ಬೆಟ್ಟ ಹತ್ತುತ್ತಿದ್ದರು. ಒಬ್ಬರದು ಊರಿಗೆ ಹಾಕಿಸು ತಾಯಿ ಎಂಬ ಬೇಡಿಕೆ, ಪಕ್ಕದವರದು ಇಲ್ಲೇ ಉಳಿಸು ತಾಯಿ ಎಂಬ ಬೇಡಿಕೆ. ಕನಕದುರ್ಗಮ್ಮನಿಗೆ ಒಂದು ಸಿಬ್ಬಂದಿ ವಿಭಾಗ ಇದ್ದಿದ್ದರೆ ಆ ತಿಂಗಳು ರಜೆ ರದ್ದು ಮಾಡಬೇಕಾಗುತ್ತಿತ್ತು. ಬೆಟ್ಟ ಇಳಿದ ಮೇಲೆ ಅವ್ವ ಬ್ಯಾರೇಜಿನ ಹತ್ತಿರ ನಿಂತು ಕೃಷ್ಣೆಯನ್ನು ನೋಡುತ್ತಿದ್ದಳು. "ಇದು ನಮ್ಮ ಕಡೆಯಿಂದ ಬಂದ ನೀರು," ಅನ್ನುತ್ತಿದ್ದಳು, ಊರಿನ ಬಸ್ಸು ಕಂಡವರ ಹಾಗೆ. ನಾನು ಒಮ್ಮೆ, "ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ಇಷ್ಟು ಕಡೆ ತಡೆದ ಮೇಲೆ ಇದು ನಮ್ಮ ಕಡೆಯ ನೀರೇ ಅಂತ ಸಾಬೀತು ಮಾಡಾಕ ಬರಂಗಿಲ್ಲ," ಅಂದೆ. ಅಪ್ಪ ನಕ್ಕು, "ವಕೀಲಬಾಯಿ ಸುರು ಮಾಡಿದ್ಲು," ಅಂದರು. ಅವ್ವ ನೀರಿನ ಕಡೆಗೇ ತಿರುಗಿದಳು. ವಾದ ಗೆದ್ದೆನೆಂದು ನಾನು ಲೆಕ್ಕ ಹಾಕಿಕೊಂಡೆ.

ಆ ಕಾಲದಲ್ಲಿ ಮನೆಯ ಬಾಯಿ ನಾನೇ ಆಗಿದ್ದೆ. ಇದು ನಮ್ಮಂಥ ಮನೆಗಳ ಪದ್ಧತಿ. ಗಂಡ ಬ್ಯಾಂಕಿನಲ್ಲಿ ಇಂಗ್ಲಿಷಿನಿಂದ ಹೇಗೋ ನಡೆಸುತ್ತಾನೆ, ಹೆಂಡತಿ ಕನ್ನಡ ಬಿಟ್ಟು ಬೇರೆ ಬಾರದೆ ಮನೆಯಲ್ಲಿ ಉಳಿಯುತ್ತಾಳೆ, ಶಾಲೆಗೆ ಹೋಗುವ ಮಗು ಆರು ತಿಂಗಳಲ್ಲಿ ತೆಲುಗು ಕಲಿತು ಏಳನೇ ತಿಂಗಳಿಗೆ ಮನೆಯ ವಿದೇಶಾಂಗ ಮಂತ್ರಿಯಾಗುತ್ತದೆ. ತರಕಾರಿಯವಳ ಹತ್ತಿರ, ಗ್ಯಾಸಿನವನ ಹತ್ತಿರ, ಮನೆ ಮಾಲೀಕರ ಹತ್ತಿರ ಅವ್ವನ ಮಾತೆಲ್ಲ ನನ್ನ ಬಾಯಿಂದಲೇ ಹೋಗಬೇಕಿತ್ತು. ಒಮ್ಮೆ ಡಾಕ್ಟರಿಗೆ ಅವ್ವ ಐದು ನಿಮಿಷ ತನ್ನ ಸೊಂಟನೋವಿನ ಚರಿತ್ರೆ ಹೇಳಿದಳು. ನಾನು "ನಡುಮು ನೊಪ್ಪಿ" ಎಂದು ಎರಡೇ ಪದದಲ್ಲಿ ಮುಗಿಸಿದೆ. ಡಾಕ್ಟರು "ಅಂತೇನಾ?" ಅಂದರು, ಅಷ್ಟೇನಾ ಅಂತ. ಅವ್ವ ನನ್ನ ಕಡೆ ನೋಡಿದಳು. ನಾನು ಅಷ್ಟೇ ಅಂದೆ.

ಅವ್ವನಿಗೆ ಬಾಯಾಗಿದ್ದ ನಾನು ಕಾಲೇಜಿನಲ್ಲಿ ಡಿಬೇಟಿಗೆ ಸೇರಿದೆ. ನಮ್ಮ ಡಿಬೇಟ್ ಮೇಷ್ಟರು ತೆಳ್ಳಗೆ, ಎತ್ತರ, ಯಾವಾಗಲೂ ಒಗೆದು ಇಸ್ತ್ರಿ ಮಾಡಿದ ಸಂಶಯದಂತೆ ಇರುತ್ತಿದ್ದರು. ವಾರಕ್ಕೊಂದು ಇಂಗ್ಲಿಷ್ ಪದ ಬೋರ್ಡಿನ ಮೇಲೆ ಬರೆದು ಅದರ ಹೊಟ್ಟೆ ಸೀಳುವುದು ಅವರ ಕ್ರಮ. ಒಂದು ವಾರ ಬರೆದ ಪದ ಅಪ್ರಿಹೆನ್ಶನ್. "ಇದರ ಮೂಲದಲ್ಲಿ ಕೈ ಇದೆ," ಎಂದು ಕೈ ಚಾಚಿ ಗಾಳಿಯನ್ನು ಹಿಡಿದು ತೋರಿಸಿದರು. "ಕೈ ಕಳ್ಳನನ್ನು ಹಿಡಿದರೆ ಬಂಧನ. ಬುದ್ಧಿ ವಿಷಯವನ್ನು ಹಿಡಿದರೆ ಗ್ರಹಿಕೆ. ಇನ್ನೂ ಬಾರದ್ದನ್ನು ಮನಸ್ಸು ಈಗಲೇ ಹಿಡಿದುಕೊಂಡು ಕೂತರೆ ಅಳುಕು. ಒಂದೇ ಪದ. ಇಂಗ್ಲಿಷು ಬಡ ಭಾಷೆ ಕಣಮ್ಮಾ, ಒಂದೇ ಪಾತ್ರೆಯಲ್ಲಿ ಮೂರು ಅಡುಗೆ."

ಮನೆಗೆ ಬಂದು ಇದನ್ನು ಹೇಳಿದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. "ಅದರಾಗೇನ ಐತಿ?" ಅಂದಳು. "ನಮ್ಮ 'ಹಿಡಿ' ಇಲ್ಲೇನ? ಕಳ್ಳನ್ನ ಹಿಡೀತೀವಿ, ಹುಚ್ಚು ಹಿಡೀತೈತಿ, ಸೂರ್ಯಾಗ ಗ್ರಹಣ ಹಿಡೀತೈತಿ, ಹುಡುಗಿ ಹಿಡಿಸ್ಯಾಳ ಅಂತ ಮದುವಿ ಮಾಡ್ಕೋತಾರ. ನಿಮ್ಮ ಮಾಸ್ತರಗ ಮೂರ ಸಿಕ್ಕಾವು, ಪಾಪ." ಹೊಟ್ಟೆ ಉರಿಯಿತು. ಒಂದು ವಾರದ ನನ್ನ ಬಂಡವಾಳವನ್ನು ಒಂದು ರೊಟ್ಟಿಯ ಹೊತ್ತಿಗೆ ಸುಟ್ಟು ಕೈಗಿಟ್ಟಿದ್ದಳು. ನಾಲ್ಕನೇ ತರಗತಿಯ ಮೂವತ್ತೆಂಟು ಮಕ್ಕಳು ಎಂಥ ಟೀಚರನ್ನು ಕಳೆದುಕೊಂಡಿದ್ದಾರೆಂದು ಆವತ್ತು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪದದ ಅರ್ಥ ಗೊತ್ತಿರುವುದಕ್ಕೂ ವಿಷಯ ಗೊತ್ತಾಗುವುದಕ್ಕೂ ಇರುವ ಅಂತರದ ಮೇಲೆ ಒಂದು ಡಿಬೇಟನ್ನೇ ಇಡಬಹುದು. ನಾನು ಎರಡೂ ಕಡೆ ಮಾತಾಡಬಲ್ಲೆ.

ಮೇಷ್ಟರ ಇನ್ನೊಂದು ಪಾಠ ಇದಕ್ಕಿಂತ ಅಪಾಯದ್ದು. "ಎದುರಾಳಿಯ ಮಾತನ್ನು ಮೊದಲು ಪೂರ್ತಿ ಒಪ್ಪಿಕೋ. ಧಾರಾಳವಾಗಿ ಒಪ್ಪಿಕೋ. ಆಮೇಲೆ ಒಂದು 'ಆದರೂ' ಹಾಕಿ ಕೊಲ್ಲು." ಆ ಒಪ್ಪಿಕೊಳ್ಳುವ ಭಾಗದಲ್ಲಿ ನಾನು ಊರಿಗೇ ಪ್ರಸಿದ್ಧಳಾದೆ. ಎಷ್ಟೆಂದರೆ ಮುಂದಿನ ಡಿಸೆಂಬರಿನ ರಾಜ್ಯಮಟ್ಟದ ಸ್ಪರ್ಧೆಗೆ ಮೂರು ಜನರ ತಂಡದಲ್ಲಿ ನನ್ನ ಹೆಸರು ಬಂತು. ಸ್ಪರ್ಧೆ ನಡೆಯುವುದು ವಿಶಾಖಪಟ್ಟಣದಲ್ಲಿ.

ಅದೇ ವರ್ಷ ಜನವರಿಯ ಒಂದು ಭಾನುವಾರ ಅಪ್ಪ ಬಿಳಿ ದಪ್ಪ ಕಾಗದ ತಂದು ನನ್ನ ಮುಂದಿಟ್ಟರು. ಪ್ರತಿ ವರ್ಷದ ವರ್ಗಾವಣೆಯ ಅರ್ಜಿ. ಅಪ್ಪನ ಬಳಗದಲ್ಲಿ ಒಂದು ನಂಬಿಕೆಯಿತ್ತು, ಟೈಪು ಮಾಡಿದ ಅರ್ಜಿಗಿಂತ ಕೈಬರಹದ್ದಕ್ಕೆ ಕರುಣೆ ಹೆಚ್ಚು ಹುಟ್ಟುತ್ತದೆ ಅಂತ. ಮೂರು ಊರುಗಳ ಹೆಸರು ಕೊಡಬಹುದಿತ್ತು: ಬಾಗಲಕೋಟೆ, ವಿಜಯಪುರ, ಹುಬ್ಬಳ್ಳಿ. ಆ ವರ್ಷ ಮೇಲಿನ ಅಧಿಕಾರಿಯೊಬ್ಬರು ಬಾಯಿಮಾತಿನಲ್ಲಿ ಆಸೆ ಕೊಟ್ಟಿದ್ದರು, ಬರೆದು ಕೊಡಿ, ಈ ಸಲ ನೋಡೋಣ ಅಂತ. ಅಪ್ಪ ಹೇಳುತ್ತ ಹೋಗುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು ಅಂತ ತೀರ್ಮಾನವಾಯಿತು.

"ನನ್ನ ಹೆಂಡತಿ ಹತ್ತು ವರ್ಷ ಆದ್ರೂ ಇಲ್ಲಿ ಹೊಂದಿಕೊಂಡಿಲ್ಲ, ಭಾಷಾ ಬರಂಗಿಲ್ಲ ಅಂತ ಬರಿ," ಅಂದರು ಅಪ್ಪ.

ಅವ್ವ ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. "ನನ್ನ ಸಾಲಿ ವಿಷಯನೂ ಬರೀರಿ. ಹೆಡ್‌ಮಿಸ್ಟ್ರೆಸ್ ಬಾಯಾರು ಇನ್ನೊಂದ ವರ್ಷಕ್ಕ ರಿಟೈರ್ ಆಗ್ತಾರ. ಆಮ್ಯಾಲ ನನ್ನ ಖುರ್ಚಿ ಯಾರೂ ಕಾಯಂಗಿಲ್ಲ ಅಂತ ಬರಿ. ಬರೀತೀಯಿಲ್ಲ ಅವ್ವಿ?"

"ಬರೀತೀನಿ," ಅಂದೆ.

ಬರೆದೆ. ಅದನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ನನ್ನ ಪತ್ನಿ ವಿಜಯವಾಡದ ಬದುಕಿಗೆ ಮೆಚ್ಚುವಂತೆ ಹೊಂದಿಕೊಂಡಿದ್ದಾಳೆ ಎಂಬುದನ್ನು ನಾನು ಮರೆಮಾಚಲಾರೆ. ಅವಳ ತೆಲುಗು ದಿನೇ ದಿನೇ ಸುಧಾರಿಸುತ್ತಿದೆ. ಅವಳ ಹಿಂದಿನ ಉದ್ಯೋಗವು ತಾತ್ಕಾಲಿಕ ಸ್ವರೂಪದ್ದೆಂದು ಒಪ್ಪುತ್ತೇನೆ. ನನ್ನ ಮಗಳ ವಿದ್ಯಾಭ್ಯಾಸ ಇಲ್ಲಿ ನಿರ್ಣಾಯಕ ಘಟ್ಟದಲ್ಲಿದೆ. ಇಲ್ಲಿ ಮುಂದುವರಿಯುವ ಬಗ್ಗೆ ನನಗೆ ಯಾವ ಅಪ್ರಿಹೆನ್ಶನ್ನೂ ಇಲ್ಲ. ಆದರೂ, ಆಡಳಿತದ ಅನುಕೂಲಕ್ಕೆ ತಕ್ಕಂತೆ ನನ್ನ ಕೋರಿಕೆಯನ್ನು ಪರಿಶೀಲಿಸಬೇಕೆಂದು ಪ್ರಾರ್ಥನೆ.

ನೋಡಿದಿರಲ್ಲ? ಒಂದೂವರೆ ಪುಟ ಒಪ್ಪಿಗೆ, ಕೊನೆಗೆ ಒಂದು ಬಡಕಲು 'ಆದರೂ'. ಅರ್ಜಿಯ ವೇಷದಲ್ಲಿ ಅರ್ಜಿಯ ವಿರುದ್ಧದ ವಾದ. ಬರೆಯುವಾಗ ಡಿಸೆಂಬರಿನ ವೇದಿಕೆ ಕಣ್ಣ ಮುಂದಿತ್ತು, ಅವ್ವ ಅಡಿಗೆಮನೆಯಲ್ಲಿದ್ದಳು. ದೂರದ್ದು ದೊಡ್ಡದಾಗಿ ಕಂಡಿತು.

ಅಪ್ಪ ಅದನ್ನು ತೂಗಿ ನೋಡುವವರ ಹಾಗೆ ಕೈಯಲ್ಲಿ ಹಿಡಿದು ಓದಿದರು. "ಇಂಗ್ಲಿಷ್ ಭಾರೀ ಐತಿ. ಈ ಅಪ್ರಿಹೆನ್ಶನ್ ಅಂದ್ರೇನ?"

ಮೂರು ಅರ್ಥಗಳಲ್ಲಿ ನನಗೆ ಬೇಕಾದದ್ದನ್ನು ಆರಿಸಿದೆ. "ತಿಳಿವಳಿಕೆ ಅಂತ."

"ಅಂದ್ರ, ಇಲ್ಲಿ ಹೆಂಗ ಮುಂದುವರೀಬೇಕೋ ನನಗ ತಿಳಿವಳಿಕಿ ಇಲ್ಲ ಅಂತಾತು." ಅಪ್ಪ ಸ್ವಲ್ಪ ಯೋಚಿಸಿದರು. "ಖರೇನ ಐತಿ ಬಿಡು."

ಸಹಿಗೆ ಪೆನ್ನು ತೆಗೆದಾಗ ಅವ್ವ ತಡೆದಳು. "ಶುಕ್ರವಾರತನಾ ದೇವರ ಮುಂದ ಇರಲಿ. ಆಮ್ಯಾಲ ಸಹಿ ಮಾಡ್ರಿ." ಅರ್ಜಿ ಮೊದಲು ದೇವರ ಜಗಲಿಗೆ ಹೋಗಿ, ಅಲ್ಲಿ ಮೂರು ನಾಲ್ಕು ದಿನ ಊದುಬತ್ತಿಯ ಹೊಗೆ ಕುಡಿದು, ಆಮೇಲೆ ಅಂಚೆಗೆ ಹೋಗುವುದು ನಮ್ಮ ಮನೆಯ ವಾಡಿಕೆ. ನಾನು ಮನಸ್ಸಿನಲ್ಲೇ ನಕ್ಕೆ. ನನ್ನ ಇಂಗ್ಲಿಷನ್ನು ದೇವರು ಓದಲಿ, ಅಭ್ಯಂತರವಿಲ್ಲ.

ಮೇ ತಿಂಗಳಲ್ಲಿ ಆರ್ಡರ್ ಬಂತು. ವಿಶಾಖಪಟ್ಟಣ. ಪಶ್ಚಿಮಕ್ಕೆ ಕೇಳಿದವರನ್ನು ಇನ್ನೂ ಪೂರ್ವಕ್ಕೆ, ಸಮುದ್ರ ಅಡ್ಡ ಬರದಿದ್ದರೆ ಇನ್ನೂ ಮುಂದಕ್ಕೆ ಕಳಿಸುತ್ತಿದ್ದರೇನೋ. ಅಪ್ಪ ಮಂಚದ ಕೆಳಗಿನ ಡಬ್ಬಗಳನ್ನು ಎಳೆದರು. ಹತ್ತು ವರ್ಷ ಕಾದ ಡಬ್ಬಗಳಿಗೆ ಕೊನೆಗೂ ಮಾನ ಬಂತು. ನನ್ನ ವಿಷಯ ಕೇಳಿದರೆ ನೀವು ನಗುತ್ತೀರಿ. ವಿಶಾಖಪಟ್ಟಣದ ಸ್ಪರ್ಧೆಗೆ ಹೋಗಬೇಕಿದ್ದ ನಾನು ವಿಶಾಖಪಟ್ಟಣಕ್ಕೇ ಬಂದುಬಿಟ್ಟಿದ್ದರಿಂದ ವಿಜಯವಾಡದ ತಂಡದಲ್ಲಿ ನನ್ನ ಜಾಗ ಹೋಯಿತು. ಡಿಸೆಂಬರಿನಲ್ಲಿ ಪ್ರೇಕ್ಷಕರ ನಡುವೆ ಕೂತು, ನನ್ನ ಜಾಗದಲ್ಲಿ ನಿಂತ ಹುಡುಗಿ ನನ್ನದೇ ಧಾಟಿಯಲ್ಲಿ ಧಾರಾಳವಾಗಿ ಒಪ್ಪಿಕೊಂಡು ಸೋಲುವುದನ್ನು ನೋಡಿದೆ.

ಆರ್ಡರ್ ನನ್ನಿಂದಲೇ ಬಂತೆಂದು ನನಗೆ ಖಾತ್ರಿಯಿತ್ತು. 'ಆಡಳಿತದ ಅನುಕೂಲ' ಎಂದು ಬರೆದವಳು ನಾನೇ ತಾನೆ? ಹೈದರಾಬಾದಿನಲ್ಲಿ ಯಾರೋ ನನ್ನ ವಾಕ್ಯಗಳನ್ನು ಓದಿ, ಇವರಿಗೆ ಎಲ್ಲಿಗೆ ಹಾಕಿದರೂ ನಡೆಯುತ್ತದೆ ಅಂದುಕೊಂಡಿದ್ದಾರೆ. ಮುಂದಿನ ವರ್ಷ ಹೆಡ್‌ಮಿಸ್ಟ್ರೆಸ್ ಬಾಯಿಯವರು ನಿವೃತ್ತರಾದರು, ಶಾಲೆಯ ಬೋರ್ಡು ಇಂಗ್ಲಿಷ್ ಮಾಧ್ಯಮವಾಯಿತು. ಫೋನಿನಲ್ಲಿ ಸುದ್ದಿ ಕೇಳಿದ ಅವ್ವ "ಹೂಂ" ಅಂದಳು, ಇನ್ನೊಮ್ಮೆ "ಹೂಂ" ಅಂದಳು, ಫೋನಿಟ್ಟು ಕುಕ್ಕರಿನ ಸೀಟಿ ಎಣಿಸಲು ಹೋದಳು. ನಾನು ಕೋಣೆಯ ಬಾಗಿಲು ಹಾಕಿಕೊಂಡೆ.

ಆದರೆ ನಾನು ಸಂದೇಹವಾದಿ. ಪಾಪಪ್ರಜ್ಞೆಗೂ ಸಾಕ್ಷ್ಯ ಕೇಳುವವಳು. ಸಾಕ್ಷ್ಯ ನನ್ನ ಪರವಾಗಿಯೇ ಬಂದು ನಿಂತಿತ್ತು: ಅವ್ವ ತೆಲುಗು ಕಲಿತುಬಿಟ್ಟಿದ್ದಳು. ಆ ಜನವರಿಯ ಆಸುಪಾಸಿನಲ್ಲೇ ಇದ್ದಕ್ಕಿದ್ದಂತೆ ಮೇಲಿನ ಮನೆಯ ಅಕ್ಕನ ಹತ್ತಿರ ಸ್ಲೇಟು ಹಿಡಿದು ಹೋಗತೊಡಗಿದಳು. ಮೊದಲ ತಿಂಗಳು ತರಕಾರಿಯವಳು ನಕ್ಕಳು, ಮೂರನೇ ತಿಂಗಳು ತರಕಾರಿಯವಳೇ ಸೋತಳು. ಲೈಟ್ ಬಿಲ್ ಓದಿ ಹೇಳು ಅಂತ ನನ್ನನ್ನು ಕರೆಯುವುದು ನಿಂತಿತು. ಅರ್ಜಿ, ಚೀಟಿ, ಫಾರಂ ಯಾವುದನ್ನೂ ನನ್ನ ಕೈಯಲ್ಲಿ ಬರೆಸಲಿಲ್ಲ. ಓದುವ ಹುಡುಗಿ, ತೊಂದರೆ ಬೇಡ ಅಂತಿರಬೇಕು ಅಂದುಕೊಂಡೆ. ಅಷ್ಟೇ ಅಲ್ಲ, ವಲಸಿಗರು ಹೊಸ ಊರಿಗೆ ಹೊಂದಿಕೊಳ್ಳುತ್ತಾರೋ ಇಲ್ಲವೋ ಎಂಬ ವಿಷಯದ ಮೇಲೆ ಕಾಲೇಜಿನಲ್ಲಿ ಮಾತಾಡಿದಾಗ ವೇದಿಕೆಯ ಮೇಲೆ ಕೈ ಎತ್ತಿ, "ನನ್ನ ತಾಯಿಯನ್ನೇ ನೋಡಿ!" ಅಂದೆ. ಚಪ್ಪಾಳೆ ಬಿತ್ತು. ಎರಡನೇ ಬಹುಮಾನ. ಕಪ್ ಇಲ್ಲೇ ಶೋಕೇಸಿನಲ್ಲಿದೆ; ಅದಕ್ಕೆ ಮೊಳೆ ಬೇಕಾಗಿಲ್ಲ.

ಈಗ ಅವ್ವ ಪೆಂಡುರ್ತಿಯಲ್ಲಿ ಒಂಥರಾ ಟೀಚರೇ. ಕರ್ನಾಟಕದಿಂದ ಹೊಸದಾಗಿ ವರ್ಗವಾಗಿ ಬಂದವರ ಹೆಂಡಂದಿರು ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಗೆ ಬರುತ್ತಾರೆ, ಅವ್ವ ಅವರಿಗೆ ತೆಲುಗು ಹೇಳಿಕೊಡುತ್ತಾಳೆ. ಮೊದಲ ದಿನದ ಮೊದಲ ನಿಯಮ: "ಅಂಗಡಿಗೆ ಹೋಗುವಾಗ ಮಕ್ಕಳನ್ನ ಕರ್ಕೊಂಡು ಹೋಗಬ್ಯಾಡ್ರಿ. ತಪ್ಪಾಗಲಿ, ನೀವ ಮಾತಾಡ್ರಿ." ಒಳ್ಳೆಯ ಬೋಧನಾ ತತ್ವವೆಂದು ನಾನು ಇದನ್ನು ಹಲವರಿಗೆ ಹೇಳಿದ್ದೇನೆ.

ಇನ್ನು ನಾನು. ಋಷಿಕೊಂಡದ ಗುಡ್ಡದ ಮೇಲಿನ ಒಂದು ಆಫೀಸಿನಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುತ್ತೇನೆ. ನಿಮ್ಮ ಬೇಸರ ನಮಗೆ ಸಂಪೂರ್ಣ ಅರ್ಥವಾಗುತ್ತದೆ, ನಿಮಗಾದ ಅನಾನುಕೂಲಕ್ಕೆ ಮನಃಪೂರ್ವಕ ವಿಷಾದಿಸುತ್ತೇವೆ, ಆದರೂ. ದಿನಕ್ಕೆ ನಲವತ್ತು ಸಲ ಕ್ಷಮೆ ಕೇಳುತ್ತೇನೆ, ಒಂದಕ್ಕೂ ಪರಿಹಾರ ಕೊಡುವುದಿಲ್ಲ. ಮೇಷ್ಟರು ಕೇಳಿದರೆ ಸಂತೋಷಪಡುತ್ತಾರೆ.

ಹೀಗೆ ಹನ್ನೊಂದು ವರ್ಷ ಕಟ್ಟಿಕೊಂಡ ವಾದ, ಇವತ್ತು ಬೆಳಿಗ್ಗೆ ಒಂದು ಅಂಟುಕೊಕ್ಕೆ ಕೈಬಿಟ್ಟಿದ್ದಕ್ಕೆ ನೆಲಕ್ಕೆ ಬಿತ್ತು. ಕೈಯಲ್ಲಿದ್ದದ್ದು ಅದೇ ಬಿಳಿ ದಪ್ಪ ಕಾಗದ, ನಕಲಲ್ಲ, ಮೂಲ. ಅಪ್ಪನ ಸಹಿಯ ಜಾಗ ಖಾಲಿ. ನನ್ನ ನವಿಲುಬಾಲದ ಸಾಲುಗಳ ಮೇಲೆಲ್ಲ ಪೆನ್ಸಿಲಿನಲ್ಲಿ ಸಣ್ಣ, ದುಂಡನೆಯ, ಟೀಚರಮ್ಮನ ಕನ್ನಡ. ಒಂದೊಂದು ಕಷ್ಟದ ಪದದ ತಲೆಯ ಮೇಲೂ ಅರ್ಥ. 'ಮೆಚ್ಚುವಂತೆ'. 'ಹೊಂದಿಕೊಂಡಿದ್ದಾಳೆ'. 'ತಾತ್ಕಾಲಿಕ' ಎಂಬುದರ ಕೆಳಗೆ ಎರಡು ಗೆರೆ. ಅಪ್ರಿಹೆನ್ಶನ್ ಮೇಲೆ ಮೂರು: 'ಅಂಜಿಕೆ, ತಿಳಿವಳಿಕೆ, ಹಿಡಿಯುವುದು'. ಪಕ್ಕದಲ್ಲಿ, ನಾಲ್ಕನೇ ತರಗತಿಯ ಉತ್ತರಪತ್ರಿಕೆಯ ಅಂಚಿನಲ್ಲಿ ಬರೆಯುವ ಹಾಗೆ, 'ಯಾವುದು?'

ಅಪ್ಪನ ಹತ್ತಿರ ಹೋದೆ. ಕಾಗದ ತೋರಿಸಲಿಲ್ಲ. "ಅಪ್ಪಾ, ವಿಜಯವಾಡದಾಗ ನಾ ಬರದ ಅರ್ಜಿ ಕಳಿಸಿದ್ರಿಲ್ಲ?"

"ಯಾವುದು? ಹಾಂ, ಅದಾ! ಇಲ್ಲವ್ವಾ. ನಿಮ್ಮವ್ವ ಇಂಗ್ಲಿಷ್ ಜಾಸ್ತಿ ಆತು, ಸಾಹೇಬರಿಗೆ ತಿಳಿಯಂಗಿಲ್ಲ ಅಂದ್ಲು. ನನಗ ಬಂದಷ್ಟು ನಾಕ ಸಾಲು ನಾನ ಬರದು ಕಳಿಸಿದೆ." ಪೇಪರು ಮಡಿಚಿ ನಕ್ಕರು. "ಅದನ್ನೂ ಯಾರೂ ಓದಿರಾಕಿಲ್ಲ ಬಿಡು. ವೈಜಾಗಿಗೆ ಒಬ್ಬಾವ ಬೇಕಾಗಿದ್ದ, ಒಗದ್ರು."

ಅಂದರೆ ನನ್ನ ಮಹಾಪಾಪವನ್ನು ಯಾರೂ ಓದಿರಲೇ ಇಲ್ಲ. ಹನ್ನೊಂದು ವರ್ಷ ಒಂದು ಸಂಸಾರದ ದಿಕ್ಕು ಬದಲಿಸಿದ ಖಳನಾಯಕಿಯೆಂದು ನನ್ನ ಬಗ್ಗೆ ನಾನು ಅಂದುಕೊಂಡದ್ದೆಲ್ಲ ಬರೀ ಜಂಬ. ಒಂದು ಕ್ಷಣ ಹಗುರಾಯಿತು. ಆಮೇಲೆ ನೆನಪಾಯಿತು: ಒಬ್ಬರು ಓದಿದ್ದರು.

ಅವ್ವ ಅಡಿಗೆಮನೆಯಲ್ಲಿ ಬೆಂಡೆಕಾಯಿ ಒರೆಸುತ್ತಿದ್ದಳು. ಕಾಗದವನ್ನು ಕಟ್ಟೆಯ ಮೇಲಿಟ್ಟೆ. ನೋಡಿದಳು, ಗುರುತು ಹಿಡಿದಳು, ಬೆಂಡೆಕಾಯಿ ಬಿಡಲಿಲ್ಲ.

"ಓದಿದ್ದಿ?" ಅಂದೆ.

"ಮೂರ ದಿನ ಹಿಡೀತು. ಗಟ್ಟಿ ಇಂಗ್ಲಿಷ್ ನಿಂದು. ಡಿಕ್ಷನರಿ ಬೆನ್ನ ಕಿತ್ತು ಬಂತು."

"ನಿನಗ ಆವತ್ತ ತಿಳೀತಾ?"

"ಟೀಚರ ಇದ್ದೆ ನಾ. ಹುಡುಗರು ಕಾಪಿ ಹೊಡದದ್ದು ತಿಳೀತಿತ್ತು, ಇದು ತಿಳಿಯಂಗಿಲ್ಲೇನ?"

"ಮತ್ತ ಯಾಕ ಬೈಲಿಲ್ಲ? ಅಪ್ಪಗ ಯಾಕ ಹೇಳಲಿಲ್ಲ?"

"ಬೈದಿದ್ರ ವಾದ ಮಾಡ್ತಿದ್ದಿ. ಮಾಡಿ ಗೆಲ್ತಿದ್ದಿ." ಇನ್ನೊಂದು ಬೆಂಡೆಕಾಯಿ ತೆಗೆದುಕೊಂಡಳು. "ಅದನ್ನ ನೋಡಾಕ ನನಗ ಆವತ್ತ ಆಗ್ತಿರಲಿಲ್ಲ."

ನನ್ನ ಬಳಿ ಉತ್ತರಗಳಿದ್ದವು. ತರಬೇತಿ ಪಡೆದವಳಿಗೆ ಯಾವಾಗಲೂ ಇರುತ್ತವೆ. ಒಂದು ಜಾರಿ ಹೊರಗೆ ಬಂದೇಬಿಟ್ಟಿತು: "ಆದ್ರ ಕಳಿಸಲೇ ಇಲ್ಲಲ್ಲವ್ವಾ. ಅಂದ್ಮ್ಯಾಲ ಇದರಿಂದ ಏನೂ ಕೆಟ್ಟಿಲ್ಲ."

"ಇಲ್ಲ," ಅಂದಳು ಅವ್ವ. "ಏನೂ ಕೆಟ್ಟಿಲ್ಲ." ನನಗೆ ಅಲ್ಲವೇನೋ ಎಂಬಂತೆ ಅಂದಳು: "ಆವತ್ತ ಒಂದ ತಿಳೀತು. ಇನ್ನೊಬ್ಬರ ಬಾಯಿಲೆ ಎ‌ಷ್ಟ ದಿನ ಮಾತಾಡೋದು ಅಂತ. ಮರುದಿನ ಸ್ಲೇಟ್ ತಗೊಂಡು ಮ್ಯಾಲಿನ ಮನಿ ಅಕ್ಕನ ಹಂತೇಕ ಹೋದೆ."

ಎರಡನೇ ಬಹುಮಾನದ ಕಪ್ ಅಡಿಗೆಮನೆಯಿಂದ ಕಾಣುವುದಿಲ್ಲ. ಆದರೂ ನನಗೆ ಕಂಡಿತು.

ನಲವತ್ತು ಸಲ ಕ್ಷಮೆ ಕೇಳುವವಳಿಗೆ ನಲವತ್ತೊಂದನೆಯದು ಬರಲಿಲ್ಲ. ಬಾಯಲ್ಲಿ ಮೊದಲು ಬಂದದ್ದು 'ಆದರೂ', ಅದನ್ನು ನುಂಗಿದೆ. ಆಮೇಲೆ ಬಂದದ್ದು 'ಸಂಪೂರ್ಣ ಅರ್ಥವಾಗುತ್ತದೆ', ಅದನ್ನೂ ನುಂಗಿದೆ. "ತಪ್ಪಾತವ್ವಾ," ಅಂದೆ. ಡಾಕ್ಟರ ಮುಂದೆ ಅವಳ ಸೊಂಟನೋವು ಹೇಳಿದಷ್ಟೇ ಚಿಕ್ಕದಾಗಿ ಬಂತು. ಈ ಸಲ ಮಾತ್ರ ಅದರಲ್ಲಿ ಏನೂ ಬಿಟ್ಟುಹೋಗಿರಲಿಲ್ಲ.

"ಹೂಂ," ಅಂದಳು. ಉಳಿದ ಬೆಂಡೆಕಾಯಿಯೆಲ್ಲ ಒರೆಸಿದಳು. ಮುಗಿದ ಮೇಲೆ ಕೈ ತೊಳೆದು ನಡುಮನೆಗೆ ಬಂದು, ಗೋಡೆಯ ಮೇಲೆ ಅಂಟು ಉಳಿಸಿಹೋದ ಕಂದು ಚೌಕವನ್ನು ಬೆರಳಿನಿಂದ ಕೆರೆದು ನೋಡಿದಳು.

"ಇಲ್ಲಿ ಮೊಳಿ ಹೊಡಸೋಣು."

ಬಾಲ್ಕನಿಯಿಂದ ಅಪ್ಪ, "ಆರ್ಡರ್ ಬಂದ್ರ ಏನ್ ಮಾಡ್ತಿ?"

"ಬರ್ಲಿ. ಗ್ವಾಡಿ ಸಮೇತ ಹೋಗೋಣು."

ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊಳೆ ಹೊಡೆಯುವುದು ಅಷ್ಟು ಸುಲಭವಲ್ಲ. ಗೋಡೆಗೆ ಡ್ರಿಲ್ ಇಡಬೇಕಾದರೆ ಅಸೋಸಿಯೇಷನ್ನಿಗೆ ಅರ್ಜಿ ಕೊಡಬೇಕು, ಕಾರಣ ಬರೆಯಬೇಕು, ದಿನ ಬರೆಯಬೇಕು. ಸೆಕ್ರೆಟರಿಯವರು ನಿವೃತ್ತ ತಹಸೀಲ್ದಾರರು, ಅರ್ಜಿಯಿಲ್ಲದ ಜಗತ್ತನ್ನು ಅವರು ಬಲ್ಲವರಲ್ಲ. ಈ ಅರ್ಜಿಯನ್ನು ಅಚ್ಚ ತೆಲುಗಿನಲ್ಲಿ ಬರೆಯಲು ಅವ್ವನಿಗೆ ಎರಡು ನಿಮಿಷ ಸಾಕು. ಹೋದ ತಿಂಗಳು ನೀರಿನ ಟ್ಯಾಂಕಿನ ಬಗ್ಗೆ ಅವಳು ಬರೆದದ್ದನ್ನು ಸೆಕ್ರೆಟರಿಯವರು ನೋಟೀಸ್ ಬೋರ್ಡಿನಲ್ಲಿ ಹಾಕಿ, "ಎಂತ ಬಾಗಾ ರಾಶಾರಮ್ಮಾ," ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಂತ, ಲಿಫ್ಟಿನಲ್ಲಿ ಕಂಡವರಿಗೆಲ್ಲ ಹೇಳಿದ್ದರು.

ಅವ್ವ ಪ್ಯಾಡು ತಂದು ನನ್ನ ಮುಂದಿಟ್ಟಳು. "ನೀ ಬರಿ."

"ನಾನಾ?"

"ಮತ್ಯಾರು?"

ಬರೆದೆ. ನಮ್ಮ ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾಗಿದೆ. ನಾನು ಟೀಚರಾಗಿದ್ದ ಶಾಲೆಯ ಫೋಟೋ ತೂಗುಹಾಕಲು. ಬುಧವಾರ ಹನ್ನೊಂದು ಗಂಟೆಗೆ ಹೊಡೆಸಲು ವಿನಮ್ರವಾಗಿ ಅನುಮತಿ ಕೋರುತ್ತೇನೆ. ಅಷ್ಟೇ. ಇದೂ ಇಂಗ್ಲಿಷಿನಲ್ಲೇ, ಆದರೆ ಅಕ್ಷರಗಳಿಗೆ ಬಾಲವಿರಲಿಲ್ಲ.

ಅವ್ವ ಕನ್ನಡಕ ಹಾಕಿಕೊಂಡಳು. ಡಬ್ಬಿಯಿಂದ ಪೆನ್ಸಿಲ್ ತೆಗೆದಳು. ಒಮ್ಮೆ ಓದಿದಳು. ಮತ್ತೊಮ್ಮೆ, ಪೆನ್ಸಿಲಿನ ತುದಿಯನ್ನು ಒಂದೊಂದೇ ಪದದ ಕೆಳಗೆ ಇಟ್ಟು ಸರಿಸುತ್ತ ಓದಿದಳು. ನಾನು ಎಷ್ಟೋ ತೀರ್ಪುಗಾರರ ಮುಂದೆ ನಿಂತಿದ್ದೇನೆ, ಯಾರೂ ಇಷ್ಟು ನಿಧಾನವಾಗಿ ಓದಿದ್ದಿಲ್ಲ. 'ವಿನಮ್ರವಾಗಿ' ಹತ್ತಿರ ಪೆನ್ಸಿಲ್ ನಿಂತಿತು.

"ಇದು ಬೇಕಾ?"

"ಬ್ಯಾಡ," ಅಂದೆ.

ಅದರ ಮೇಲೆ ಒಂದು ಗೆರೆ ಎಳೆದಳು. ಪೆನ್ಸಿಲ್ ಕೆಳಗಿಟ್ಟು ಕೈ ಚಾಚಿದಳು. ನಾನು ಪೆನ್ನು ಕೊಟ್ಟೆ. ಸಹಿ ಮಾಡಿದಳು.